ವೇರಿಯಬಲ್‌ನಲ್ಲಿರೋದನ್ನ ಟೆಕ್ಸ್ಟ್ ಫೈಲ್‌ಗೆ ಬರೆಯೋದು: ಪೈಥಾನ್ ನೋಟ್ಸ್

ಪ್ರೋಗ್ರಾಂ ರನ್ ಆಗ್ತಿರೋವರೆಗೆ ಮಾತ್ರ ವೇರಿಯಬಲ್ (ಬೆಲೆಯೊಂದನ್ನ ಇಟ್ಕೊಳ್ಳೋ ಹೆಸರು) ಇರುತ್ತೆ, ಮುಗೀತು ಅಂದ್ರೆ ಅದರೊಳಗಿದ್ದದ್ದೂ ಹೋಯ್ತು. ಅದಕ್ಕೇ ಫೈಲ್‌ಗೆ ಬರೆದಿಡೋದು. ಆದ್ರೆ ಫೈಲ್‌ಗೆ ಹೋಗೋದು ಬರೀ ಅಕ್ಷರಗಳು. ವೇರಿಯಬಲ್‌ನ ಹೆಸರೂ ಹೋಗಲ್ಲ, ಅದು ಇಂಟಿಜರ್ರಾ (ಪೂರ್ಣಾಂಕ) ಫ್ಲೋಟಾ (ದಶಾಂಶ ಸಂಖ್ಯೆ) ಅನ್ನೋದೂ ಹೋಗಲ್ಲ. ಇದೊಂದು ತಲೆಗೆ ಹತ್ತಿದ್ರೆ ಮುಂದೆ ಬರೋ ಎರರ್‌ಗಳೆಲ್ಲ ತಾವಾಗೇ ಅರ್ಥ ಆಗ್ತವೆ.

ಮೊದಲ ಎರರ್ ಎಲ್ಲರಿಗೂ ಇದೇ ಬರೋದು: ಅಂಕ ಅನ್ನೋ ವೇರಿಯಬಲ್‌ನಲ್ಲಿ 87 ಇದೆ, ಅದನ್ನ ನೇರವಾಗಿ ರೈಟ್ ಫಂಕ್ಷನ್‌ಗೆ ಕೊಟ್ರೆ ಟೈಪ್ ಎರರ್, ಯಾಕಂದ್ರೆ ಟೆಕ್ಸ್ಟ್ ಮೋಡ್‌ನಲ್ಲಿ ರೈಟ್ ತಗೊಳ್ಳೋದು ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಮಾತ್ರ. ಪ್ರಿಂಟ್ ತಾನೇ ಸ್ಟ್ರಿಂಗ್ ಮಾಡ್ಕೊಳ್ಳುತ್ತೆ, ರೈಟ್ ಮಾಡ್ಕೊಳ್ಳಲ್ಲ. ಎಫ್-ಸ್ಟ್ರಿಂಗ್ (ಕೋಟ್ಸ್‌ಗೆ ಮುಂಚೆ f ಹಾಕಿ ಬರೆಯೋ ಸ್ಟ್ರಿಂಗ್) ಬಳಸಿ, 2016ರಲ್ಲಿ ಬಂದ ಪೈಥಾನ್ 3.6ರಿಂದ ಇದೆ, ಕೋಟ್ಸ್ ಒಳಗೆ "ಅಂಕ=" ಅಂತ ಬರೆದು ಪಕ್ಕದಲ್ಲಿ ಹೂವಿನ ಬ್ರಾಕೆಟ್‌ನಲ್ಲಿ ವೇರಿಯಬಲ್ ಹಾಕಿದ್ರೆ ಫೈಲ್‌ನಲ್ಲಿ ಅಂಕ=87 ಅಂತ ಬೀಳುತ್ತೆ. ಹೆಸರು ನಾವಾಗಿ ಬರೆದ್ರೇ ಉಂಟು, ಇಲ್ಲಾಂದ್ರೆ ಇಲ್ಲ. ಹಾಗೇ ಕೊನೆಗೆ ನ್ಯೂಲೈನ್ ಹಾಕೋಕೆ ಮರೀಬೇಡಿ, ರೈಟ್ ಅದನ್ನೂ ಸೇರಿಸಲ್ಲ, 87 ಆದ್ಮೇಲೆ 92 ಬರೆದ್ರೆ 8792 ಅಂತ ಅಂಟಿಕೊಂಡಿರುತ್ತೆ. ಪ್ರಿಂಟ್‌ಗೇ ಫೈಲ್ ಅನ್ನೋ ಆರ್ಗ್ಯುಮೆಂಟ್ ಕೊಟ್ರೆ ಈ ಎರಡೂ ತಲೆನೋವು ಇಲ್ಲ, ನನಗೆ ಸಣ್ಣ ಕೆಲಸಕ್ಕೆ ಅದೇ ಇಷ್ಟ.

ಇನ್ನು ಮೋಡ್, ಅಂದ್ರೆ ಫೈಲ್‌ನ ಯಾವುದಕ್ಕೆ ತೆಗೀತಿದೀವಿ ಅಂತ ಓಪನ್ ಫಂಕ್ಷನ್‌ಗೆ ಹೇಳೋ ಅಕ್ಷರ. ಇದನ್ನ ಎರಡು ಸಲ ಓದಿ. 'ಡಬ್ಲ್ಯೂ' ಅಂತ ಕೊಟ್ರೆ ಫೈಲ್ ಓಪನ್ ಆದ ಕ್ಷಣಕ್ಕೇ ಹಳೇದೆಲ್ಲ ಅಳಿಸಿ ಹೋಗುತ್ತೆ, ನೀವು ಒಂದಕ್ಷರ ಬರೆಯೋಕೂ ಮುಂಚೆ. ನಾನು ಒಮ್ಮೆ 200 ಸಲ ತಿರುಗೋ ಲೂಪ್ ಒಳಗೇ ಓಪನ್ ಹಾಕಿ 'ಡಬ್ಲ್ಯೂ' ಕೊಟ್ಟಿದ್ದೆ, ಎರರ್ ಏನೂ ಬರಲಿಲ್ಲ, ಪ್ರೋಗ್ರಾಂ ಸಲೀಸಾಗಿ ಮುಗೀತು, ಫೈಲ್ ತೆಗೆದು ನೋಡಿದ್ರೆ ಒಂದೇ ಸಾಲು, ಕೊನೇ ರೀಡಿಂಗ್. ಉಳಿದ 199 ಮತ್ತೆ ಸಿಗಲೇ ಇಲ್ಲ, ತುಂಬಾ ಬೇಜಾರಾಯ್ತು. ಓಪನ್ ಲೂಪ್‌ನ ಹೊರಗಿರಲಿ. ಹಳೇದರ ಕೆಳಗೆ ಸೇರಿಸಬೇಕು ಅಂದ್ರೆ 'ಎ', ಫೈಲ್ ಆಗ್ಲೇ ಇದ್ರೆ ಮುಟ್ಟಲೇಬೇಡ ಅನ್ನೋಕೆ 'ಎಕ್ಸ್'.

ಓಪನ್‌ನ ಯಾವಾಗ್ಲೂ ವಿತ್ ಜೊತೆ ಬರೀರಿ. ಬರೆದದ್ದು ತಕ್ಷಣ ಡಿಸ್ಕ್‌ಗೆ ಹೋಗಲ್ಲ, ಬಫರ್‌ನಲ್ಲಿ (ಮೆಮೊರಿಯಲ್ಲಿರೋ ತಾತ್ಕಾಲಿಕ ಜಾಗ) ಕೂತಿರುತ್ತೆ, ವಿತ್ ಇದ್ರೆ ಮಧ್ಯೆ ಎಕ್ಸೆಪ್ಷನ್ (ರನ್ ಆಗುವಾಗ ಬರೋ ಎರರ್) ಬಂದ್ರೂ ಫೈಲ್ ಕ್ಲೋಸ್ ಆಗುತ್ತೆ, ಬಫರ್‌ನಲ್ಲಿದ್ದದ್ದು ಫೈಲ್ ಸೇರುತ್ತೆ.

ಕನ್ನಡ ಬರೆಯೋರು ಎನ್‌ಕೋಡಿಂಗ್ (ಅಕ್ಷರಗಳನ್ನ ಬೈಟ್‌ಗಳಾಗಿ ಬದಲಾಯಿಸೋ ರೀತಿ) ಯುಟಿಎಫ್-8 ಅಂತ ಓಪನ್‌ಗೆ ತಪ್ಪದೇ ಕೊಡಿ, ಇಲ್ಲಾಂದ್ರೆ ಕೆಲವು ವಿಂಡೋಸ್ ಮೆಷಿನ್‌ಗಳಲ್ಲಿ ಯುನಿಕೋಡ್ ಎನ್‌ಕೋಡ್ ಎರರ್ ಬರುತ್ತೆ. "ಕನ್ನಡ" ಅಂತ ಬರೆದು ರೈಟ್ ವಾಪಸ್ ಕೊಡೋ ಸಂಖ್ಯೆ ನೋಡಿ, 5 ಅಂತ ಇರುತ್ತೆ. ಕಣ್ಣಿಗೆ ಮೂರಕ್ಷರ, ಆದ್ರೆ ಯುನಿಕೋಡ್‌ಗೆ ಕ, ನ, ಒತ್ತಕ್ಷರ ಮಾಡೋ ಹಲಂತ ಚಿಹ್ನೆ (್), ನ, ಡ. ಒಂದೊಂದಕ್ಕೂ 3 ಬೈಟ್, ಹಾಗಾಗಿ ಫೈಲ್ ಸೈಜ್ 15 ಬೈಟ್. ಇದನ್ನ ಮಾಡಿ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯ್ತು.

ವಾಪಸ್ ಓದುವಾಗ ಬರೋದು ಸ್ಟ್ರಿಂಗೇ. "25"ಕ್ಕೆ "5" ಕೂಡಿದ್ರೆ 30 ಬರಲ್ಲ, "255" ಬರುತ್ತೆ, ಇಂಟ್‌ಗೆ ಬದಲಾಯಿಸ್ಕೊಳ್ಳಬೇಕು. ದಶಾಂಶ ಎರಡೇ ಸ್ಥಾನಕ್ಕೆ ಬರೆದಿದ್ರೆ ಉಳಿದದ್ದು ಫೈಲ್‌ನಲ್ಲೇ ಇಲ್ಲ, ಓದಿದ್ರೂ ಸಿಗಲ್ಲ. ಲಿಸ್ಟ್, ಡಿಕ್ಷನರಿ ಇದ್ರೆ ಕೈಯಲ್ಲಿ ಕಷ್ಟಪಡೋ ಬದಲು ಜೇಸನ್ (JSON, ಇಂಥ ಡೇಟಾನ ಟೆಕ್ಸ್ಟ್ ಆಗಿ ಬರೆಯೋ ಒಂದು ಫಾರ್ಮ್ಯಾಟ್) ಬಳಸಿ. ಟ್ರೂ, ಫಾಲ್ಸ್ ವಿಷಯದಲ್ಲಂತೂ ಹುಷಾರು: ಫೈಲ್‌ನಿಂದ ಬಂದ "ಫಾಲ್ಸ್" ಅನ್ನೋ ಸ್ಟ್ರಿಂಗ್‌ನ ಬೂಲ್‌ಗೆ (ಟ್ರೂ ಅಥವಾ ಫಾಲ್ಸ್ ಆಗಿ ಬದಲಾಯಿಸೋ ಫಂಕ್ಷನ್) ಕೊಟ್ರೆ ಟ್ರೂ ಬರುತ್ತೆ, ಖಾಲಿ ಇಲ್ಲದ ಯಾವ ಸ್ಟ್ರಿಂಗ್ ಆದ್ರೂ ಪೈಥಾನ್‌ಗೆ ಟ್ರೂನೇ. ಮೊದಲು ಸ್ಟ್ರಿಪ್ ಮಾಡಿ ಕೊನೆಯ ನ್ಯೂಲೈನ್ ತೆಗೀರಿ, ಆಮೇಲೆ "ಟ್ರೂ" ಅನ್ನೋ ಸ್ಟ್ರಿಂಗ್‌ಗೆ ಸಮನಾ ಅಂತ ಹೋಲಿಸಿ ನೋಡಿ.