ಟಿವಿ ಇದ್ದರೂ ಅಮೆರಿಕದ ಕಾಲೇಜು ಪಂದ್ಯಗಳಿಗೆ ರೇಡಿಯೋ ಏಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ದೊಡ್ಡ ಕಾಲೇಜು ತಂಡಗಳ ಪಂದ್ಯಗಳೆಲ್ಲ ಟಿವಿಯಲ್ಲಿ ಬರುತ್ತವೆ. ಆದರೂ ಅಲ್ಲಿನ ಎಷ್ಟೋ ಅಭಿಮಾನಿಗಳು ಟಿವಿಯ ಧ್ವನಿ ಅಡಗಿಸಿ ರೇಡಿಯೋ ಹಚ್ಚುತ್ತಾರಂತೆ. ಏಕೆ?

ಉತ್ತರ: ಟಿವಿಯ ವಿವರಣೆ ಚಾನೆಲ್‌ನದು, ರೇಡಿಯೋದ ವಿವರಣೆ ಕಾಲೇಜಿನದು. ಉಳಿದ ಕಾರಣಗಳೆಲ್ಲ ಇದರಿಂದಲೇ ಹುಟ್ಟಿದವು.

ಟಿವಿಯ ವೀಕ್ಷಕ ವಿವರಣೆಗಾರ ಈ ಶನಿವಾರ ಒಂದು ಮೈದಾನದಲ್ಲಿದ್ದರೆ ಮುಂದಿನ ಶನಿವಾರ ಇನ್ನೊಂದರಲ್ಲಿ. ಎರಡೂ ತಂಡಗಳನ್ನು ಸಮಾನವಾಗಿ ಕಾಣಬೇಕಾದದ್ದು ಅವನ ಕರ್ತವ್ಯ. ರೇಡಿಯೋದವನು ಹಾಗಲ್ಲ. ಅವನು ಒಂದೇ ತಂಡದ ಜೊತೆ ವರ್ಷಗಟ್ಟಲೆ ತಿರುಗುತ್ತಾನೆ. ಯಾವ ಆಟಗಾರನ ಮೊಣಕಾಲು ಕಳೆದ ವರ್ಷ ಕೈಕೊಟ್ಟಿತ್ತು, ಯಾರು ಮೊದಲ ಬಾರಿಗೆ ಕಣಕ್ಕಿಳಿಯುತ್ತಿದ್ದಾನೆ ಎಂಬುದು ಅವನಿಗೆ ಬಾಯಿಪಾಠ. ಕೆಂಟಕಿ ವಿಶ್ವವಿದ್ಯಾಲಯದ ಪಂದ್ಯಗಳಿಗೆ ಕಾವುಡ್ ಲೆಡ್‌ಫರ್ಡ್ 1953ರಿಂದ 1992ರವರೆಗೆ ಧ್ವನಿಯಾಗಿದ್ದರು. ಅಷ್ಟು ಕಾಲದಲ್ಲಿ ಆಟಗಾರರು ಬದಲಾದರು, ಕೋಚ್‌ಗಳು ಬದಲಾದರು, ಕೇಳುಗರ ಮಕ್ಕಳೂ ಕೇಳುಗರಾದರು. ತಂಡವೆಂದರೆ ಅವರ ಧ್ವನಿಯೇ ಎಂಬಷ್ಟು ನಂಟು ಬೆಳೆದದ್ದು ಸಹಜ.

ಈ ಅಭ್ಯಾಸ ಟಿವಿಗಿಂತ ಹಳೆಯದು. 1921ರ ಅಕ್ಟೋಬರ್ 8ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ನೇರಪ್ರಸಾರ ಮಾಡಿತು. ಮೈಕಿನ ಮುಂದೆ ಕುಳಿತಿದ್ದವರು ಹೆರಾಲ್ಡ್ ಆರ್ಲಿನ್. 1927ರಲ್ಲಿ ರೋಸ್ ಬೌಲ್ ಎಂಬ ಹೆಸರಾಂತ ಕಾಲೇಜು ಫುಟ್‌ಬಾಲ್ ಪಂದ್ಯವನ್ನು ಎನ್‌ಬಿಸಿ ರೇಡಿಯೋ ಜಾಲ ದೇಶದ ಈ ಕರಾವಳಿಯಿಂದ ಆ ಕರಾವಳಿಯವರೆಗೆ ಕೇಳಿಸಿತು. ಮನೆಯಲ್ಲೇ ಕೇಳಲು ಸಿಕ್ಕರೆ ಟಿಕೆಟ್ ಕೊಳ್ಳುವವರು ಯಾರು ಎಂಬ ಭಯದಿಂದ 1930ರ ದಶಕದಲ್ಲಿ ಕೆಲವು ಕಾಲೇಜು ಒಕ್ಕೂಟಗಳು ರೇಡಿಯೋವನ್ನು ಹೊರಗಿಟ್ಟದ್ದೂ ಉಂಟು. ಆ ನಿಷೇಧ ಬಹುಕಾಲ ಬಾಳಲಿಲ್ಲ.

ಟಿವಿ ಬಂದಾಗ ಅದೇ ಭಯ ಮರುಕಳಿಸಿತು, ಮತ್ತು ಈ ಬಾರಿ ದಶಕಗಳ ಕಾಲ ಬೇರೂರಿತು. ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ, 1950ರ ದಶಕದ ಆರಂಭದಿಂದ ಫುಟ್‌ಬಾಲ್ ಪಂದ್ಯಗಳ ಟಿವಿ ಪ್ರಸಾರವನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡಿತು. ವಾರಕ್ಕೆ ಬೆರಳೆಣಿಕೆಯ ಪಂದ್ಯಗಳಿಗಷ್ಟೇ ಅವಕಾಶ. ಒಂದು ತಂಡ ಎಷ್ಟು ಸಲ ಕಾಣಿಸಿಕೊಳ್ಳಬಹುದೆಂಬುದಕ್ಕೂ ಮಿತಿ. 1984ರಲ್ಲಿ ಸುಪ್ರೀಂ ಕೋರ್ಟ್ ಈ ಏಕಸ್ವಾಮ್ಯವನ್ನು ಮುರಿಯಿತು. ಅಲ್ಲಿಯವರೆಗಿನ ಮೂರು ದಶಕ, ಮೈದಾನಕ್ಕೆ ಹೋಗಲಾಗದ ಅಭಿಮಾನಿಗೆ ಹೆಚ್ಚಿನ ಶನಿವಾರಗಳಲ್ಲಿ ರೇಡಿಯೋ ಒಂದೇ ಗತಿಯಾಗಿತ್ತು. ಇಂದಿನ ನಿಷ್ಠೆಯ ಬೇರು ಇಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಕಲೆಯ ವಿಷಯ. ಟಿವಿಯವನು ಸುಮ್ಮನಿದ್ದರೂ ನಡೆಯುತ್ತದೆ, ರೇಡಿಯೋದವನು ಸುಮ್ಮನಾದರೆ ಮೈದಾನವೇ ಮಾಯ. ಚೆಂಡು ಯಾವ ಗೆರೆಯ ಮೇಲಿದೆ, ಇದು ಎಷ್ಟನೆಯ ಯತ್ನ, ಇನ್ನೆಷ್ಟು ಗಜ ಬೇಕು (ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು), ತಂಡ ಎಡದಿಂದ ಬಲಕ್ಕೆ ಸಾಗುತ್ತಿದೆಯೋ ಬಲದಿಂದ ಎಡಕ್ಕೋ, ಇಷ್ಟನ್ನೂ ಪ್ರತಿ ಯತ್ನ ಶುರುವಾಗುವ ಮೊದಲಿನ ಕೆಲವೇ ಕ್ಷಣಗಳಲ್ಲಿ ಹೇಳಿ ಮುಗಿಸಬೇಕು. ಪಕ್ಕದಲ್ಲೊಬ್ಬ ಸಹಾಯಕ ಆಟಗಾರರ ಹೆಸರು, ಸಂಖ್ಯೆ ಬರೆದ ಹಲಗೆಯ ಮೇಲೆ ಬೆರಳಿಟ್ಟು, ಚೆಂಡು ಹಿಡಿದವರಾರು, ಕೆಡವಿದವರಾರು ಎಂದು ಸದ್ದಿಲ್ಲದೆ ತೋರಿಸುತ್ತಿರುತ್ತಾನೆ. ಅಂಕ ಮತ್ತು ಉಳಿದ ಸಮಯವನ್ನು ಮತ್ತೆ ಮತ್ತೆ ಹೇಳುವುದು ಈಗಷ್ಟೇ ರೇಡಿಯೋ ಹಚ್ಚಿದವರಿಗಾಗಿ.

ಈ ಕಲೆಯ ತುದಿ ಕಾಣಬೇಕಾದರೆ 1982ರ ನವೆಂಬರ್ 20ರ ಕ್ಯಾಲಿಫೋರ್ನಿಯಾ–ಸ್ಟ್ಯಾನ್‌ಫರ್ಡ್ ಪಂದ್ಯದ ಧ್ವನಿಮುದ್ರಣ ಕೇಳಿ. ಉಳಿದಿದ್ದದ್ದು ನಾಲ್ಕು ಸೆಕೆಂಡು, ಸ್ಟ್ಯಾನ್‌ಫರ್ಡ್ ಒಂದು ಅಂಕ ಮುಂದೆ. ಕ್ಯಾಲಿಫೋರ್ನಿಯಾದ ಆಟಗಾರರು ಚೆಂಡನ್ನು ಐದು ಸಲ ಕೈಯಿಂದ ಕೈಗೆ ದಾಟಿಸುತ್ತಾ ಓಡಿದರು. ಪಂದ್ಯ ಮುಗಿಯಿತೆಂದು ಸ್ಟ್ಯಾನ್‌ಫರ್ಡ್‌ನ ವಾದ್ಯವೃಂದ ಆಗಲೇ ಒಳನುಗ್ಗಿತ್ತು. ರೇಡಿಯೋದಲ್ಲಿ ಜೋ ಸ್ಟಾರ್ಕಿ, ‘ಬ್ಯಾಂಡ್‌ನವರು ಮೈದಾನಕ್ಕೆ ಬಂದುಬಿಟ್ಟಿದ್ದಾರೆ!’ ಎಂದು ಕೂಗಿದರು. ಕ್ಯಾಲಿಫೋರ್ನಿಯಾ 25–20ರಿಂದ ಗೆದ್ದಿತು. ಆ ಓಟದ ದೃಶ್ಯವನ್ನು ಇಂದಿಗೂ ಜನ ನೋಡುವುದು ಸ್ಟಾರ್ಕಿಯವರ ಧ್ವನಿಯೊಂದಿಗೇ.

ಹಣದ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಕಾಲೇಜು ತನ್ನ ರೇಡಿಯೋ ಮತ್ತು ಜಾಹೀರಾತು ಹಕ್ಕುಗಳನ್ನು ಸಾಮಾನ್ಯವಾಗಿ ಲಿಯರ್‌ಫೀಲ್ಡ್‌ನಂತಹ ಕಂಪನಿಗೆ ಕೊಡುತ್ತದೆ. ಕಂಪನಿ ರಾಜ್ಯದುದ್ದಕ್ಕೂ ಕೇಂದ್ರಗಳ ಜಾಲ ಕಟ್ಟಿ ಜಾಹೀರಾತು ಮಾರುತ್ತದೆ. ಸಣ್ಣ ಊರಿನ ಕೇಂದ್ರಕ್ಕೆ ಹಲವೆಡೆ ಪಂದ್ಯ ಉಚಿತವಾಗಿ ಸಿಗುತ್ತದೆ. ಬದಲಿಗೆ ಅದು ಜಾಲದ ಜಾಹೀರಾತುಗಳನ್ನು ಹಾಕಬೇಕು, ಉಳಿದ ಬಿಡುವಿನಲ್ಲಿ ತನ್ನ ಊರಿನವನ್ನು ಹಾಕಿಕೊಳ್ಳಬಹುದು. ವಿವರಣೆಗಾರನ ನೇಮಕಕ್ಕೂ ಕಾಲೇಜಿನ ಒಪ್ಪಿಗೆ ಬೇಕು. ಹಾಗಾಗಿ ಅವನಿಂದ ನಿಷ್ಪಕ್ಷಪಾತವನ್ನು ಯಾರೂ ಬಯಸುವುದಿಲ್ಲ. ತಮ್ಮ ತಂಡ ಕೆಟ್ಟದಾಗಿ ಆಡಿದಾಗ ಅದನ್ನು ಮುಚ್ಚಿಡದಿರುವವನೇ ಒಳ್ಳೆಯ ವಿವರಣೆಗಾರ.

ನೀವೂ ಹಾಗೆ ಕೇಳಿ ನೋಡುವುದಾದರೆ ಒಂದು ತೊಡಕಿದೆ. ಎಎಂ, ಎಫ್‌ಎಂನಲ್ಲಿ ಬರುವ ಧ್ವನಿ ಸಾಮಾನ್ಯವಾಗಿ ಟಿವಿಯ ಚಿತ್ರಕ್ಕಿಂತ ಮುಂದಿರುತ್ತದೆ. ಅದನ್ನು ಕೆಲವು ಸೆಕೆಂಡು ತಡೆದು ಬಿಡುವ ಉಪಕರಣ ಬೇಕಾಗುತ್ತದೆ. ಇಂಟರ್ನೆಟ್ ಮೂಲಕ ಬರುವ ಧ್ವನಿ ಬಹಳ ಸಲ ಚಿತ್ರಕ್ಕಿಂತ ಹಿಂದೆ ಬೀಳುತ್ತದೆ. ಆಗ ಟಿವಿಯನ್ನು ಕೊಂಚ ಹೊತ್ತು ನಿಲ್ಲಿಸಿ, ಧ್ವನಿ ಚಿತ್ರವನ್ನು ಕೂಡಿಕೊಂಡ ಮೇಲೆ ಮುಂದುವರಿಸಿದರೆ ಸಾಕು.