ಓವನ್ ಟ್ರಾನ್ಸ್‌ಫಾರ್ಮರಿನಿಂದ ಹ್ಯಾಮ್ ಆಂಪ್ಲಿಫೈಯರಿಗೆ ಹೈ ವೋಲ್ಟೇಜ್

ಮುಂಬೈಯ ಕುರ್ಲಾದ ಗುಜರಿಯಲ್ಲಿ ಕೆಟ್ಟ ಮೈಕ್ರೋವೇವ್ ಓವನ್ ಕಂಡರೆ ನಮ್ಮಂಥ ಹ್ಯಾಮ್ (ಹವ್ಯಾಸಿ ರೇಡಿಯೋ) ಮಂದಿಯ ಕಣ್ಣು ಮೊದಲು ಹೋಗುವುದು ಅದರ ಟ್ರಾನ್ಸ್‌ಫಾರ್ಮರಿಗೆ. ವಾಲ್ವ್ ಆಂಪ್ಲಿಫೈಯರಿಗೆ ಬೇಕಾದ ಎರಡು ಮೂರು ಸಾವಿರ ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಹೊಸದಾಗಿ ಸುತ್ತಿಸಿದರೆ ಜೇಬಿಗೆ ಭಾರ. ಇಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಡೊಂಬಿವಲಿಯ ಹಿರಿಯ ಹ್ಯಾಮ್ ಒಬ್ಬರ ಬೆಂಚಿನ ಮೇಲೆ ಕಲಿತದ್ದನ್ನು ಬರೆದಿಟ್ಟಿದ್ದೇನೆ.

ಓವನ್ನಿನಲ್ಲಿ 230 ವೋಲ್ಟ್ ಸುಮಾರು 2,100 ಆಗುತ್ತದೆ. ಅದನ್ನು ಒಂದು ಕೆಪಾಸಿಟರ್, ಒಂದು ಡಯೋಡು ಸೇರಿ ಡಬಲ್ ಮಾಡುತ್ತವೆ. ಕೆಪಾಸಿಟರ್ ಬರೀ 1 ಮೈಕ್ರೋಫ್ಯಾರಡ್ ಆಸುಪಾಸು, ಹಾಗಾಗಿ ಹೊರಬರುವುದು ಸೆಕೆಂಡಿಗೆ 50 ಸಲ ಬಡಿಯುವ ಮೈನಸ್ ವೋಲ್ಟೇಜು. ಓವನ್ನಿನಲ್ಲಿ ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ ಅಷ್ಟು ಸಾಕು. ನಮ್ಮ ವಾಲ್ವಿನ ಆನೋಡಿಗೆ ಪ್ಲಸ್ ಬೇಕು, ಅದೂ ಸಮತಟ್ಟಾಗಿ. ಇಲ್ಲದಿದ್ದರೆ ದನಿಯ ಜೊತೆ ಗುಂಯ್‌ಗುಡುವಿಕೆಯೂ ಪ್ರಸಾರವಾಗುತ್ತದೆ.

ಸೆಕೆಂಡರಿಯ (ಹೈ ವೋಲ್ಟೇಜ್ ಹೊರಬರುವ ಸುರುಳಿಯ) ಒಂದು ತುದಿ ಕಬ್ಬಿಣದ ಕೋರ್‌ಗೇ ಕಟ್ಟಿರುತ್ತದೆ. ಹಾಗಾಗಿ ಎಸಿಯನ್ನು ಡಿಸಿ ಮಾಡಲು ನೇರವಾಗಿ ನಾಲ್ಕು ಡಯೋಡಿನ ಬ್ರಿಜ್ ಹಾಕಲಾಗದು. "ಆ ತುದಿ ಬಿಚ್ಚಿ ಎತ್ತಿದರಾಯ್ತಲ್ಲ?" ಎಂದು ಕೇಳಿದೆ. "ಅಲ್ಲಿ ಅಷ್ಟು ವೋಲ್ಟಿಗೆ ಇನ್ಸುಲೇಷನ್ ಎಲ್ಲುಂಟು ಮಾರಾಯ?" ಎಂದರು. ಅವರ ಉಪಾಯ ಬೇರೆ: ಒಂದೇ ತರಹದ ಎರಡು ಟ್ರಾನ್ಸ್‌ಫಾರ್ಮರು. ಎರಡರ ಕೋರ್ ಚಾಸಿಗೆ (ಲೋಹದ ಚೌಕಟ್ಟಿಗೆ) ಬಿಗಿದು, ಒಂದರ ಪ್ರೈಮರಿಯನ್ನು (ಮೈನ್ಸ್ ಸೇರುವ ಸುರುಳಿಯನ್ನು) ತಿರುವುಮುರುವು ಜೋಡಿಸಿದರೆ ಚಾಸಿಯೇ ಸೆಂಟರ್ ಟ್ಯಾಪ್, ಅಂದರೆ ಎರಡರ ನಡುಬಿಂದು. ಎರಡು ಬಿಸಿ (ಹೈ ವೋಲ್ಟೇಜ್) ತುದಿಗಳಿಂದ ಫುಲ್ ವೇವ್ ರೆಕ್ಟಿಫೈಯರ್. ಲೋಡ್ ಇಲ್ಲದಾಗ 2,970 ವೋಲ್ಟ್ ಡಿಸಿ.

ಫೇಸ್ ಸರಿಯಿದೆಯೇ ಎಂದು ಮೈನ್ಸ್ ಕೊಟ್ಟು ನೋಡಬೇಡಿ. ಪ್ರೈಮರಿಗಳಿಗೆ 6 ವೋಲ್ಟ್ ಎಸಿ ಕೊಡಿ. ಎರಡು ಬಿಸಿ ತುದಿಗಳ ನಡುವೆ ಸುಮಾರು 110 ವೋಲ್ಟ್ ಬಂದರೆ ಸರಿ (ಅದೂ ಹೊಡೆಯುತ್ತದೆ, ಮುಟ್ಟಬೇಡಿ), ಸೊನ್ನೆ ಬಂದರೆ ತಪ್ಪು. ನನಗೆ ಮೊದಲ ಸಲ ಸೊನ್ನೆಯೇ ಬಂತು. ಮೀಟರ್ ಕೆಟ್ಟಿದೆ ಎಂದು ಹದಿನೈದು ನಿಮಿಷ ಅದಕ್ಕೆ ಬೈದೆ.

ಸುರುಳಿಗಳ ನಡುವಿನ ಕಬ್ಬಿಣದ ಪಟ್ಟಿ (ಶಂಟ್) ತೆಗೆದರೆ ಮಾತಿನ ದನಿ ಏರಿದಾಗ ವೋಲ್ಟೇಜ್ ಅಷ್ಟಾಗಿ ಕುಸಿಯದು. ಆದರೆ ಶಾರ್ಟ್ ಆದಾಗ ಕರೆಂಟನ್ನು ತಡೆಯುತ್ತಿದ್ದುದೂ ಅದೇ. ನಾನು ತೆಗೆದಿಲ್ಲ. ಇನ್ನು ಕೋರ್ ಯಾವಾಗಲೂ ಸ್ಯಾಚುರೇಷನ್ (ಇನ್ನಷ್ಟು ಕಾಂತತೆ ಹೊರಲಾರದ ಸ್ಥಿತಿ) ಅಂಚಿನಲ್ಲೇ ಓಡುತ್ತದೆ, ಲೋಡ್ ಇಲ್ಲದೆ ಆನ್ ಮಾಡಿಟ್ಟರೂ ಬಿಸಿಯಾಗುತ್ತದೆ. ಓವನ್ನಿನ ಫ್ಯಾನ್ ಬಿಸಾಡಬೇಡಿ.

ಇದನ್ನೆಲ್ಲ ಕಲಿಯಲು ಒಬ್ಬರೇ ಕೂರಬೇಡಿ, ಈ ವೋಲ್ಟೇಜ್ ಎರಡನೇ ಅವಕಾಶ ಕೊಡುವುದಿಲ್ಲ. ಫಿಲ್ಟರಿಗೆ 470 ಮೈಕ್ರೋಫ್ಯಾರಡಿನ, 450 ವೋಲ್ಟಿನ ಹತ್ತು ಕೆಪಾಸಿಟರ್ ಸೀರೀಸಿನಲ್ಲಿಟ್ಟರೆ ಒಟ್ಟು 47 ಮೈಕ್ರೋಫ್ಯಾರಡ್. ಮೂರು ಸಾವಿರ ವೋಲ್ಟಿಗೆ ಅದರಲ್ಲಿ ಶೇಖರವಾಗುವ ಶಕ್ತಿ 200 ಜೂಲ್ ದಾಟುತ್ತದೆ. ಪ್ರತಿಯೊಂದಕ್ಕೂ 100 ಕಿಲೋಓಮ್ ಬ್ಲೀಡರ್ (ಚಾರ್ಜ್ ಖಾಲಿ ಮಾಡುವ ರೆಸಿಸ್ಟರ್) ಕಟ್ಟಿದರೆ, ಸ್ವಿಚ್ ಆರಿಸಿದ ಮೇಲೆ 30 ವೋಲ್ಟಿಗೆ ಇಳಿಯಲು 216 ಸೆಕೆಂಡ್ ಬೇಕು. ನಮ್ಮ ಬೆಂಚಿನಲ್ಲಿ ಐದು ನಿಮಿಷ ಕಾದು, ಅರ್ಥ್ ಮಾಡಿದ ಕೋಲನ್ನು ಮುಟ್ಟಿಸಿ, ಅದನ್ನು ಅಲ್ಲೇ ನೇತುಹಾಕಿ, ಆಮೇಲೆ ಕೈ ಹಾಕುತ್ತೇವೆ. ಅದೂ ಒಂದೇ ಕೈ. ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ.