ಹಗುರ ಕಾರು ಮಳೆಯಲ್ಲಿ ಜಾಸ್ತಿ ಜಾರುತ್ತಾ? ಹಿಂದೆ ಮರಳು ಮೂಟೆ ಹಾಕಬೇಕಾ?

ಪ್ರಶ್ನೆ: ಸರ್, ನಮ್ಮದು ಚಿತ್ರದುರ್ಗ. ದೊಡ್ಡಪ್ಪನವರ ಹಳೇ ಸಿಪಾನಿ ಡಾಲ್ಫಿನ್ ಕಾರನ್ನು ದಾವಣಗೆರೆಯ ಗ್ಯಾರೇಜಲ್ಲಿ ರೆಡಿ ಮಾಡಿಸಿದ್ದೇವೆ. ನವೆಂಬರ್‌ನಲ್ಲಿ ಕೊಯಮತ್ತೂರಿಗೆ ಒಯ್ದು ರೇಸ್ ಟ್ರ್ಯಾಕ್ ಮೇಲೆ ಓಡಿಸಬೇಕು ಅಂತ ಆಸೆ. ಆಗ ಅಲ್ಲಿ ಮಳೆ ಇರುತ್ತೆ ಅಂತಾರೆ. ‘ಫೈಬರ್ ಬಾಡಿ, ತೂಕವೇ ಇಲ್ಲ, ಒದ್ದೆಯಲ್ಲಿ ಜಾರಿಬಿಡುತ್ತೆ, ಹಿಂದೆ ಎರಡು ಮೂಟೆ ಮರಳು ಹಾಕ್ಕೊಂಡು ಹೋಗಪ್ಪ’ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಹಾಕಬೇಕಾ?

ಉತ್ತರ: ಬೇಡ, ಹಾಕಬೇಡಿ. ಮರಳಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಒಳ್ಳೆಯ ಟೈರ್ ಹಾಕಿಸಿ.

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕಾರು ಬೇರೆ ಬೇರೆ, ಒಬ್ಬರದ್ದು ಎಂ.ಜಿ. ಮಿಡ್ಜೆಟ್, ಇನ್ನೊಬ್ಬರದ್ದು ಸ್ಯಾನ್ ಸ್ಟಾರ್ಮ್, ಅನುಮಾನ ಮಾತ್ರ ಒಂದೇ. ನಿಮ್ಮ ಮೇಸ್ತ್ರಿ ಸುಮ್ನೆ ಹೇಳಿದ ಮಾತಲ್ಲ ಇದು. ಎಪಿಎಂಸಿಯಲ್ಲಿ ಮೆಕ್ಕೆಜೋಳ ಇಳಿಸಿ ಖಾಲಿ ವಾಪಸ್ ಬರುವ ಪಿಕಪ್ ಗಾಡಿ ಮಳೆಯಲ್ಲಿ ಹಿಂಬದಿ ಒದೆಯುವುದನ್ನು ಅವರು ಎಷ್ಟೋ ಸಲ ನೋಡಿರುತ್ತಾರೆ. ಆ ಗಾಡಿಗೆ ಲೋಡ್ ಹಾಕಿದರೆ ಸರಿಹೋಗುತ್ತದೆ, ನಿಜ. ಯಾಕೆಂದರೆ ಅದರ ಹಿಂದಿನ ಸ್ಪ್ರಿಂಗ್ ಪಟ್ಟಿ, ಹಿಂದಿನ ಬ್ರೇಕು ಎಲ್ಲವನ್ನೂ ಲೋಡ್ ಲೆಕ್ಕದಲ್ಲೇ ಕಟ್ಟಿರುತ್ತಾರೆ, ಖಾಲಿ ಇದ್ದಾಗ ಅವು ಅದಕ್ಕೆ ಜಾಸ್ತಿಯಾಗುತ್ತವೆ. ಡಾಲ್ಫಿನ್ ಹಾಗಲ್ಲ. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಬೆಂಗಳೂರಿನಲ್ಲಿ ಮಾಡಿದ ಗಾಡಿ ಅದು. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್ ಬಾಡಿ, ಹಿಂದಿನ ಚಕ್ರಕ್ಕೆ ಪವರ್, ಒಟ್ಟು ತೂಕ ಐದಾರು ಕ್ವಿಂಟಲ್. ಎಂಬತ್ತರ ದಶಕದಲ್ಲಿ ಪದ್ಮಿನಿ, ಅಂಬಾಸಿಡರ್‌ಗಳ ಮಧ್ಯೆ ರ‍್ಯಾಲಿ ಮತ್ತು ರೇಸ್‌ಗಳಲ್ಲಿ ಈ ಪುಟ್ಟ ಕಾರು ಹೆಸರು ಮಾಡಿದ್ದೇ ಆ ಹಗುರತನದಿಂದ.

ಈಗ ಲೆಕ್ಕಕ್ಕೆ ಬರೋಣ. ಟೈರು ನೆಲವನ್ನು ಎಷ್ಟು ಹಿಡಿಯುತ್ತದೆ ಅನ್ನುವುದು ಅದರ ಮೇಲಿನ ತೂಕಕ್ಕೆ ತಕ್ಕಂತೆ ಏರುತ್ತದೆ. ಆದರೆ ಆ ಕಾರನ್ನು ನಿಲ್ಲಿಸಲು, ತಿರುಗಿಸಲು ಬೇಕಾಗುವ ಬಲವೂ ತೂಕದ ಜೊತೆಗೇ ಏರುತ್ತದೆ. ಎರಡೂ ಒಂದಕ್ಕೊಂದು ವಜಾ ಆಗಿಬಿಡುತ್ತವೆ. ಒಣ ಡಾಂಬರಿನಲ್ಲಿ ಹಿಡಿತ 0.8, ಅಂದರೆ ಮೇಲಿನ ತೂಕದ ಹತ್ತರಲ್ಲಿ ಎಂಟು ಪಾಲು ಬಲ, ಅಂತ ಇಟ್ಟುಕೊಳ್ಳಿ, ಗಂಟೆಗೆ 80 ಕಿ.ಮೀ. ವೇಗದಿಂದ ಗಟ್ಟಿ ಬ್ರೇಕ್ ಹಾಕಿದರೆ ಸುಮಾರು 31 ಮೀಟರ್‌ನಲ್ಲಿ ಕಾರು ನಿಲ್ಲುತ್ತದೆ. ಒದ್ದೆಯಲ್ಲಿ ಹಿಡಿತ 0.5ಕ್ಕೆ ಇಳಿಯಿತು ಅಂದರೆ ಅದೇ 50 ಮೀಟರ್ ಆಗುತ್ತದೆ. ಈ ಲೆಕ್ಕದಲ್ಲಿ ಎಲ್ಲಿಯೂ ಕಾರಿನ ತೂಕ ಬರುವುದೇ ಇಲ್ಲ. ಡಾಲ್ಫಿನ್‌ಗೂ ಅಷ್ಟೇ, ಟನ್ನಿಗಿಂತ ಜಾಸ್ತಿ ತೂಗುವ ಅಂಬಾಸಿಡರ್‌ಗೂ ಅಷ್ಟೇ.

ನಿಜ ಹೇಳಬೇಕೆಂದರೆ ಹಗುರ ಕಾರಿಗೇ ಸ್ವಲ್ಪ ಲಾಭ ಇದೆ. ಟೈರಿನ ಮೇಲೆ ತೂಕ ಎರಡರಷ್ಟು ಮಾಡಿದರೆ ಹಿಡಿತ ಪೂರ್ತಿ ಎರಡರಷ್ಟು ಆಗುವುದಿಲ್ಲ, ಒಂಚೂರು ಕಮ್ಮಿಯೇ ಬೀಳುತ್ತದೆ, ರಬ್ಬರಿನ ಸ್ವಭಾವವೇ ಹಾಗೆ. ಬ್ರೇಕ್ ಬಿಸಿಯಾಗುವುದೂ ಹಗುರ ಕಾರಿನಲ್ಲಿ ಕಮ್ಮಿ. ಅಂಥದ್ದರಲ್ಲಿ ಎರಡು ಮೂಟೆ ಮರಳು ಅಂದರೆ ಒಂದು ಕ್ವಿಂಟಲ್, ಕಾರಿನ ತೂಕದ ಹೆಚ್ಚುಕಮ್ಮಿ ಐದನೇ ಒಂದು ಭಾಗ. ಅದನ್ನು ಹಿಂದಿನ ಆ್ಯಕ್ಸಲ್‌ನಿಂದಲೂ ಆಚೆಗೆ ಇಟ್ಟರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಒಮ್ಮೆ ಹಿಂಬದಿ ಜಾರಲು ಶುರುವಾದರೆ ಆ ಕ್ವಿಂಟಲ್ ಅದನ್ನು ಇನ್ನೂ ಎಳೆದುಕೊಂಡು ಹೋಗುತ್ತದೆ, ತಡೆಯುವುದು ಕಷ್ಟ. ಜೊತೆಗೆ ಟ್ರ್ಯಾಕ್‌ಗೆ ಇಳಿಯುವ ಕಾರೊಳಗೆ ಸಡಿಲವಾದ ಯಾವ ಸಾಮಾನೂ ಇರಬಾರದು. ಜಾಕಿ, ಪಾನಾ, ನೀರಿನ ಬಾಟಲಿ, ಎಲ್ಲ ಕೆಳಗಿಳಿಸಿ.

ಹಾಗಾದರೆ ಹಗುರ ಹಳೇ ಕಾರು ಮಳೆಯಲ್ಲಿ ಜಾರುವುದೇ ಇಲ್ಲವಾ? ಜಾರುತ್ತದೆ. ಕಾರಣ ಬೇರೆ.

ಮೊದಲನೆಯದು ಟೈರಿನ ವಯಸ್ಸು. ನನ್ನ ಪ್ರಕಾರ ಇದೇ ದೊಡ್ಡ ಕಾರಣ. ರೆಡಿ ಮಾಡಿಸಿದ ಹಳೇ ಕಾರುಗಳಲ್ಲಿ ಪೇಂಟ್ ಹೊಸದು, ಸೀಟ್ ಹೊಸದು, ಟೈರ್ ಮಾತ್ರ ಶೆಡ್ಡಿನಲ್ಲಿ ನಿಂತಿದ್ದ ಕಾಲದ್ದು. ಓಡಿಲ್ಲದ ಕಾರಣ ಗ್ರೂವ್ ಆಳವಾಗಿಯೇ ಕಾಣುತ್ತದೆ, ಹಾಗಾಗಿ ಯಾರೂ ಅನುಮಾನ ಪಡುವುದಿಲ್ಲ. ಟೈರಿನ ಪಕ್ಕದ ಗೋಡೆಯ ಮೇಲೆ ಡಿ.ಒ.ಟಿ. ಅನ್ನುವ ಅಕ್ಷರ ಹುಡುಕಿ, ಆ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂತ ಇದ್ದರೆ 2014ರ 23ನೇ ವಾರ ತಯಾರಾದದ್ದು. ಒಂದೊಂದು ಸಲ ಈ ಅಂಕಿ ಒಳಬದಿಗೆ ಇರುತ್ತದೆ, ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಬೇಕು. ಆಮೇಲೆ ಟೈರಿನ ಮೇಲ್ಮೈಗೆ ಉಗುರು ಒತ್ತಿ ನೋಡಿ. ಹೊಸ ರಬ್ಬರ್ ಒಂಚೂರು ಒಳಗೆ ಹೋಗಿ ವಾಪಸ್ ಬರುತ್ತದೆ, ಹಳೆಯದು ಉಗುರನ್ನೇ ತಿರುಗಿಸುತ್ತದೆ. ನಮ್ಮ ಕಡೆಯ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಗ್ರೂವ್ ಎಷ್ಟೇ ಇದ್ದರೂ ಒದ್ದೆ ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ಅದು ಅಂಟಿಕೊಳ್ಳುವುದಿಲ್ಲ. ಗ್ರೂವ್ ನಡುವೆ ಇರುವ ಸಣ್ಣ ಉಬ್ಬು 1.6 ಮಿ.ಮೀ.ನ ಗುರುತು, ಅದು ರಸ್ತೆಗೆ ಕಡೇ ಮಿತಿ. ಒದ್ದೆ ಟ್ರ್ಯಾಕ್‌ಗೆ ಅದರ ಎರಡರಷ್ಟಾದರೂ ಆಳ ಇರಲಿ.

ಟೈರ್ ಎಷ್ಟು ಮುಖ್ಯ ಅನ್ನುವುದಕ್ಕೆ 1968ರ ಜರ್ಮನ್ ಗ್ರ್ಯಾನ್ ಪ್ರಿ ನೆನಪಿಸಿಕೊಳ್ಳಬೇಕು. ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಜೋರು ಮಳೆ, ಎದುರಿನ ಕಾರು ಕಾಣದಷ್ಟು ಮಂಜು. ಮಣಿಕಟ್ಟು ಪೆಟ್ಟಾಗಿದ್ದ ರೇಸ್ ಚಾಲಕ ಜಾಕಿ ಸ್ಟೀವರ್ಟ್ ಆ ದಿನ ‘ಮಾತ್ರಾ’ ಅನ್ನುವ ಕಂಪನಿಯ ಕಾರಿನಲ್ಲಿ 4 ನಿಮಿಷಕ್ಕಿಂತ ಜಾಸ್ತಿ ಅಂತರದಿಂದ ಗೆದ್ದರು. ಸೆಕೆಂಡ್ ಲೆಕ್ಕದಲ್ಲಿ ಗೆಲ್ಲುವ ಆಟದಲ್ಲಿ ನಾಲ್ಕು ನಿಮಿಷ! ಅವರ ಕೈಚಳಕ ದೊಡ್ಡದು, ಅದರ ಜೊತೆಗೆ ಕೆಳಗಿದ್ದದ್ದು ಡನ್ಲಪ್‌ನ ಮಳೆ ಟೈರ್. ಆ ವರ್ಷ ಎಫ್ 1 ಕಾರಿನ ಕನಿಷ್ಠ ತೂಕ ಎಷ್ಟಿತ್ತು ಗೊತ್ತಾ? 500 ಕೆ.ಜಿ. ನಿಮ್ಮ ಡಾಲ್ಫಿನ್‌ನ ಆಸುಪಾಸು. ಎಂಜಿನ್ ಮಾತ್ರ ನಿಮ್ಮದರ ಹತ್ತರಷ್ಟು ತಾಕತ್ತಿನದು, ಆದರೂ ಹಿಂದೆ ಮರಳು ಹಾಕಿಕೊಂಡು ಯಾರೂ ಓಡಿಸಲಿಲ್ಲ.

ಎರಡನೆಯದು ನೀರಿನ ಮೇಲೆ ತೇಲುವುದು. ಇಲ್ಲಿ ತೂಕಕ್ಕೆ ಸ್ವಲ್ಪ ಪಾತ್ರ ಇದೆ, ಆದರೆ ಬಳಸಿಕೊಂಡು ಬರುತ್ತದೆ. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಟೈರಿನ ಮುಂದೆ ನೀರು ಒತ್ತಿಕೊಂಡು ಕೊನೆಗೆ ಟೈರನ್ನೇ ಎತ್ತಿಬಿಡುತ್ತದೆ, ಆಗ ಸ್ಟೇರಿಂಗ್ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರ್‌ಗಳ ಮೇಲೆ ಪರೀಕ್ಷೆ ಮಾಡಿ ಇದಕ್ಕೊಂದು ಸೂತ್ರ ಕೊಟ್ಟರು. ತೇಲುವ ವೇಗ ಮುಖ್ಯವಾಗಿ ಟೈರಿನೊಳಗಿನ ಗಾಳಿಯ ಒತ್ತಡದ ಮೇಲೆ ನಿಂತಿದೆ ಅನ್ನುವುದು ಅದರ ಸಾರ. ಗ್ರೂವ್‌ಗಿಂತ ಆಳದ ನೀರಿದ್ದರೆ 20 ಪೌಂಡ್ ಗಾಳಿಗೆ ಸುಮಾರು 75 ಕಿ.ಮೀ., 25ಕ್ಕೆ 83, 30ಕ್ಕೆ 91. ಹಗುರ ಕಾರಿಗೆ ಕಡಿಮೆ ಗಾಳಿ ಸಾಕು, ಹಾಗಾಗಿ ಅದು ಬೇಗ ತೇಲುತ್ತದೆ. ತೂಕದ ಸಂಬಂಧ ಇಷ್ಟೇ. ಇದರಿಂದ ಎರಡು ಮಾತು ತಿಳಿಯಿತು. ಕೆಸರಿನ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವಾಗ ಗಾಳಿ ಕಮ್ಮಿ ಮಾಡುತ್ತಾರಲ್ಲ, ಆ ಅಭ್ಯಾಸ ಇಲ್ಲಿ ಬೇಡ. ನೀರು ನಿಂತ ಟ್ರ್ಯಾಕ್ ಆದರೆ ಮಾಮೂಲಿಗಿಂತ ಎರಡು ಪೌಂಡ್ ಜಾಸ್ತಿಯೇ ಇರಲಿ. ಇನ್ನೊಂದು, ನೋಡೋಕೆ ಚೆಂದ ಅಂತ ಅಗಲ ಅಲಾಯ್ ಚಕ್ರ, ಅಗಲ ಟೈರ್ ಹಾಕಿಸಬೇಡಿ. ಹಗುರ ಕಾರಿಗೆ ಮೊದಲು ಕೊಟ್ಟಿದ್ದ ಸಣ್ಣ ಅಗಲದ ಟೈರೇ ನೀರನ್ನು ಸೀಳಿಕೊಂಡು ಹೋಗುವುದರಲ್ಲಿ ಮೇಲು.

ಮೂರನೆಯದು ಕಾರಿನ ಗಿಡ್ಡತನ. 1958ರ ಆಸ್ಟಿನ್ ಹೀಲಿ ಸ್ಪ್ರೈಟ್ ಆಗಲಿ, ಆಮೇಲಿನ ಮಿಡ್ಜೆಟ್ ಆಗಲಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಬರೀ 2032 ಮಿ.ಮೀ. ಡಾಲ್ಫಿನ್ ಕೂಡ ಗಿಡ್ಡ. ಇಂಥ ಕಾರು ತಿರುವಿನಲ್ಲಿ ಚುರುಕು, ಹಾಗೇ ಜಾರಲು ಶುರುವಾದರೆ ಸುತ್ತುವುದೂ ಚುರುಕು, ನಿಮಗೆ ಸಿಗುವ ಟೈಮ್ ಕಮ್ಮಿ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಇಲ್ಲ, ಹಿಡಿದುಕೊಳ್ಳುವ ಕಂಪ್ಯೂಟರ್ ಇಲ್ಲ. ಎಲ್ಲ ನಿಮ್ಮ ಕೈಕಾಲಲ್ಲೇ ಇದೆ.

ಹಾಗಾಗಿ ಓಡಿಸುವ ರೀತಿಗೆ ಬರೋಣ. ಹತ್ತುವ ಮುಂಚೆ ಒಂದು ಬಟ್ಟೆ ತಗೊಂಡು ಶೂ ಅಡಿ ಒರೆಸಿಕೊಳ್ಳಿ. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಹಳೇ ಕಾರಿನ ಪೆಡಲ್ ಚಿಕ್ಕದು, ಅದರ ರಬ್ಬರ್ ಸವೆದು ನುಣ್ಣಗಾಗಿರುತ್ತದೆ, ಒದ್ದೆ ಶೂ ಬ್ರೇಕಿನ ಮೇಲಿಂದ ಜಾರಿ ಆ್ಯಕ್ಸಿಲರೇಟರ್ ಮೇಲೆ ಬಿದ್ದರೆ ಮುಗಿಯಿತು.

ಟ್ರ್ಯಾಕ್ ಮೇಲೆ ಎಲ್ಲ ಕೆಲಸವೂ ತುಂಬಿದ ಕೊಡ ಹೊತ್ತು ನಡೆಯುವ ಹಾಗೆ ಇರಬೇಕು. ಬ್ರೇಕ್ ಬೇಗ ಶುರು ಮಾಡಿ, ಮೊದಲು ಮೆಲ್ಲಗೆ ಒತ್ತಿ, ತೂಕ ಮುಂದಿನ ಚಕ್ರಕ್ಕೆ ಬಂದು ಕೂತ ಮೇಲೆ ಜಾಸ್ತಿ ಮಾಡಿ, ತಿರುವು ಹತ್ತಿರವಾದಂತೆ ನಿಧಾನಕ್ಕೆ ಬಿಡುತ್ತಾ ಬನ್ನಿ. ಚಕ್ರ ಲಾಕ್ ಆದರೆ ಗೊತ್ತಾಗುತ್ತದೆ, ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಆಗ ಕಾಲು ಪೂರ್ತಿ ತೆಗೆಯದೆ ಸ್ವಲ್ಪ ಸಡಿಲಿಸಿ ಮತ್ತೆ ಒತ್ತಿ. ಗೇರ್ ಇಳಿಸುವಾಗ ಕ್ಲಚ್ ದಢಕ್ಕನೆ ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕಿದಂತಾಗಿ ಹಿಂಬದಿ ಕೈತಪ್ಪುತ್ತದೆ, ಒಂಚೂರು ರೇಸ್ ಕೊಟ್ಟು ಕ್ಲಚ್ ಬಿಡಿ. ಒಣಗಿದ್ದಾಗ ಸೆಕೆಂಡ್ ಗೇರಲ್ಲಿ ಹೋಗುವ ತಿರುವಿಗೆ ಮಳೆಯಲ್ಲಿ ಥರ್ಡ್ ಸಾಕು. ಪಿಕಪ್ ಕಮ್ಮಿ ಆದರೂ ಚಕ್ರ ಸುಮ್ನೆ ತಿರುಗುವುದಿಲ್ಲ.

ತಿರುವಿನಲ್ಲಿ ಎಷ್ಟು ವೇಗ ಕಡಿಮೆ ಮಾಡಬೇಕು ಅಂತ ಎಲ್ಲರೂ ಹೆದರುತ್ತಾರೆ. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೇಲಿನದೇ ಹಿಡಿತದ ಲೆಕ್ಕ ಹಾಕಿದರೆ ಒಣಗಿದ್ದಾಗ 64, ಒದ್ದೆಯಲ್ಲಿ 50. ತುಂಬಾ ವ್ಯತ್ಯಾಸ ಏನಲ್ಲ. ಮಳೆಯಲ್ಲಿ ಹೆಚ್ಚಿನವರು ಕೆಡುವುದು ವೇಗದಿಂದಲ್ಲ, ಗಡಿಬಿಡಿಯಿಂದ. ತಿರುವಿನ ಮಧ್ಯೆ ಹಿಂಬದಿ ಜಾರಿದರೆ ಹೊಸಬರು ಗಾಬರಿಯಾಗಿ ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟುಬಿಡುತ್ತಾರೆ, ಅದರಿಂದ ತೂಕವೆಲ್ಲ ಮುಂದಕ್ಕೆ ಹೋಗಿ ಹಿಂಬದಿ ಇನ್ನೂ ಹಗುರಾಗಿ ಕಾರು ಪೂರ್ತಿ ಸುತ್ತಿಬಿಡುತ್ತದೆ. ಅರ್ಧ ಮಾತ್ರ ಬಿಡಿ, ಹೋಗಬೇಕಾದ ಕಡೆ ನೋಡಿ, ಹಿಂಬದಿ ಯಾವ ಕಡೆ ಜಾರುತ್ತಿದೆಯೋ ಆ ಕಡೆಗೇ ಸ್ಟೇರಿಂಗ್ ಕೊಡಿ, ಕಾರು ನೆಟ್ಟಗಾಗುತ್ತಿದ್ದ ಹಾಗೇ ಸ್ಟೇರಿಂಗನ್ನೂ ವಾಪಸ್ ತನ್ನಿ. ಈ ವಾಪಸ್ ತರುವುದನ್ನು ಮರೆತರೆ ಕಾರು ಆ ಕಡೆಗೆ ಎಸೆಯುತ್ತದೆ, ಎರಡನೇ ಎಸೆತ ಮೊದಲಿನದಕ್ಕಿಂತ ಜೋರು.

ದಾರಿಯೂ ಬೇರೆ. ಒಣಗಿದ್ದಾಗ ಎಲ್ಲರೂ ಓಡಿಸುವ ಸಾಲಿನಲ್ಲಿ ರಬ್ಬರ್ ಉಜ್ಜಿ ಉಜ್ಜಿ ಡಾಂಬರು ನುಣ್ಣಗಾಗಿರುತ್ತದೆ, ಎಣ್ಣೆಯೂ ಸೇರಿರುತ್ತದೆ. ಮಳೆ ಬಿದ್ದರೆ ಅದೇ ಅತಿ ಜಾರುವ ಜಾಗ. ಆ ಸಾಲು ಬಿಟ್ಟು ಆಚೆಗೆ, ಒರಟು ಡಾಂಬರು ಇರುವ ಕಡೆ ಹೋಗಿ. ತಿರುವಿನ ಹೊರಗಿನಿಂದ ಸುತ್ತಿಕೊಂಡು ಬಂದರೂ ಪರವಾಗಿಲ್ಲ. ಬಣ್ಣ ಬಳಿದ ಅಂಚಿನ ಕಲ್ಲು, ಬಿಳಿ ಪಟ್ಟೆ ಮುಟ್ಟಲೇಬೇಡಿ. ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಧೂಳು, ಎಣ್ಣೆ, ನೀರು ಕಲೆತು ಜಿಡ್ಡಾಗಿರುತ್ತದೆ, ಇದು ಭರಣಿ ಮಳೆ ಬಿದ್ದ ದಿನ ಪಿ.ಬಿ. ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆಲ್ಲ ಗೊತ್ತು. ಜೋರು ಮಳೆ ತೊಳೆದ ಮೇಲೆ ಪರವಾಗಿಲ್ಲ.

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ 2003ರಲ್ಲಿ ಶುರುವಾದದ್ದು, ಸುತ್ತಿಗೆ 2 ಕಿ.ಮೀ. ಚಿಲ್ಲರೆ ಉದ್ದ. ಹಗುರ ಕಾರಿಗೆ ಹೇಳಿ ಮಾಡಿಸಿದ ಜಾಗ. ಮಾರುತಿ 800ರ ಎಂಜಿನ್ ಹಾಕಿ ಹಗುರವಾದ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರೇ ಅದಕ್ಕಿದೆ. ಅಲ್ಲಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ನಿಮಗೆ ಮಳೆ ಸಿಗುವ ಸಾಧ್ಯತೆ ಜಾಸ್ತಿಯೇ. ಅಭ್ಯಾಸ ಅಲ್ಲೇ ಮಾಡಿ. ಹಿರಿಯೂರು ಕಡೆಯ ಹೆದ್ದಾರಿಯಲ್ಲಿ ಮಳೆ ಬಂದ ದಿನ ಟ್ರೈ ಮಾಡಿ ನೋಡುತ್ತೇನೆ ಅಂತ ದಯವಿಟ್ಟು ಹೊರಡಬೇಡಿ, ಅಲ್ಲಿ ಬೇರೆಯವರ ಮಕ್ಕಳುಮರಿ ಓಡಾಡುತ್ತಾರೆ.

ಉಳಿದದ್ದು ಗಾಡಿಯ ಕೆಲಸ. ಡ್ರಮ್ ಬ್ರೇಕಿನೊಳಗೆ ನೀರು ಸೇರಿದರೆ ಮೊದಲ ಒತ್ತಿಗೆ ಹಿಡಿಯುವುದಿಲ್ಲ, ಅಥವಾ ಒಂದು ಚಕ್ರ ಮಾತ್ರ ಹಿಡಿದು ಪಕ್ಕಕ್ಕೆ ಎಳೆಯುತ್ತದೆ. ನೇರ ದಾರಿಯಲ್ಲಿ ಎಡಗಾಲಿನಿಂದ ಬ್ರೇಕ್ ಮೆಲ್ಲಗೆ ಮುಟ್ಟಿಸಿಕೊಂಡು ಸ್ವಲ್ಪ ದೂರ ಹೋದರೆ ಬಿಸಿಗೆ ಒಣಗುತ್ತದೆ. ಎಂಜಿನ್ ಮಿಸ್ ಹೊಡೆದರೆ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೆ ಒಣ ಬಟ್ಟೆಯಿಂದ ಒರೆಸಿ, ಪ್ಲಗ್ ವೈರ್‌ಗಳನ್ನೂ ಒರೆಸಿ, ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಇರುತ್ತದೆ ರೋಗ. ಗಾಜಿನ ಒಳಗೆ ಮಂಜು ಕಟ್ಟದಂತೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ ಒಣ ಬಟ್ಟೆಯಲ್ಲಿ ಉಜ್ಜಿಬಿಡಿ.

ಮನೆಗೆ ವಾಪಸ್ ಬಂದ ಮೇಲೆ ಮೇಸ್ತ್ರಿ ಹತ್ತಿರ ನಾಲ್ಕೂ ಡ್ರಮ್ ಬಿಚ್ಚಿಸಿ ಕ್ಲೀನ್ ಮಾಡಿಸಿ. ಹಾಗೇ ಕಾರನ್ನು ಎತ್ತಿಸಿ ಚಾಸಿಯನ್ನೂ ತೋರಿಸಿ. ಫೈಬರ್ ಬಾಡಿಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಕೆಳಗಿರುವುದು ಕಬ್ಬಿಣ.